ಗಾಳಿ ದೋಣಿ ಒಂದೇ ಗಂಟೆಗೆ ಮೆತ್ತಗಾಗುತ್ತೆ, ಏನು ಮಾಡಲಿ? ಹುಟ್ಟು ಯಾವುದು ತಗೊಳ್ಳಲಿ?

ಪ್ರಶ್ನೆ: ಎರಡು ವರ್ಷದ ಹಿಂದೆ ಇಬ್ಬರು ಕೂರುವ, ಗಾಳಿ ತುಂಬುವ ಪಿವಿಸಿ ಕಯಾಕ್ ಒಂದನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಅಗಲ ಸುಮಾರು 90 ಸೆಂಟಿಮೀಟರ್. ಐದಾರು ಸಲ ಬಳಸಿದ್ದೇವೆ ಅಷ್ಟೇ. ಉಳಿದಂತೆ ಸುತ್ತಿ, ಟೆರೇಸ್ ಮೇಲಿನ ಶೀಟ್ ರೂಮಿನಲ್ಲಿ ಇಟ್ಟಿದ್ದೆ. ಈಗ ತೆಗೆದು ನೋಡಿದರೆ ಮೈಯೆಲ್ಲ ಅಂಟಂಟು, ಮುಗ್ಗಲು ವಾಸನೆ. ಗಾಳಿ ಹೊಡೆದರೆ ಒಂದು ಗಂಟೆಯಲ್ಲಿ ಮೆತ್ತಗಾಗುತ್ತದೆ. ಸೈಕಲ್ ಪಂಕ್ಚರ್ ಪ್ಯಾಚ್ ಹಾಕಿದೆ, ಮಾರನೇ ದಿನವೇ ಕಿತ್ತು ಬಂತು. ಜೊತೆಗೆ ಬಂದ ಅಲ್ಯೂಮಿನಿಯಂ ಹುಟ್ಟಿನಿಂದ ಭುಜ ನೋವು, ತೊಡೆ ಮೇಲೆಲ್ಲ ನೀರು. ನನ್ನ ಎತ್ತರ 5 ಅಡಿ 8 ಇಂಚು, ಹೆಂಡತಿಯದು 5 ಅಡಿ 1 ಇಂಚು. ದೋಣಿ ಉಳಿಯುತ್ತದಾ? ಹುಟ್ಟು ಯಾವುದು ತೆಗೆದುಕೊಳ್ಳಬೇಕು? ಎಲ್ಲಿ ಇಳಿಸಬಹುದು? (ಕುವೆಂಪುನಗರ, ಮೈಸೂರು)

ಉತ್ತರ: ನೀವು ಬರೆದಿದ್ದು ನೋಡಿದರೆ ದೋಣಿ ಉಳಿಯುವ ಹಾಗೇ ಕಾಣುತ್ತದೆ. ಅಂಟಂಟು ಎಂದಿದ್ದೀರಿ, ಬಿರುಕು ಬಿಟ್ಟಿದೆ ಅಂದಿಲ್ಲ. ಒಂದು ಸಲ ಪೂರ್ತಿ ಬಿಡಿಸಿ, ಮಡಿಕೆ ಬಿದ್ದ ಗೆರೆಗಳನ್ನು ಬೆಳಕಿಗೆ ಹಿಡಿದು ನೋಡಿ. ಅಲ್ಲಿ ಬಿಳಿ ಬಿಳಿ ಸೀಳುಗಳು ಕಾಣದಿದ್ದರೆ ಇನ್ನೂ ಕೆಲವು ವರ್ಷ ಆರಾಮಾಗಿ ಓಡುತ್ತದೆ.

ಆದರೆ ಒಂದು ಮಾತನ್ನು ನೇರವಾಗಿಯೇ ಹೇಳಬೇಕು. ಐದಾರು ಸಲ ಮಾತ್ರ ನೀರು ಕಂಡ ದೋಣಿಯನ್ನು ಕಾವೇರಿಯ ಕಲ್ಲು ಕೆಡಿಸಿಲ್ಲ. ನಿಮ್ಮ ಶೀಟ್ ರೂಮು ಕೆಡಿಸಿದೆ. ನನ್ನ ಹತ್ತಿರ ರಿಪೇರಿಗೆ ಬಂದ ಗಾಳಿ ದೋಣಿಗಳಲ್ಲಿ ಹೆಚ್ಚಿನವು ಮನೆಯಲ್ಲೇ ಹಾಳಾದವು. ಬಿಸಿಲು, ತೇವ, ಇಲಿ, ಜಾಸ್ತಿ ಗಾಳಿ, ಈ ನಾಲ್ಕೇ ಕಾರಣ.

ಪಿವಿಸಿ ಅಂದರೆ ನಿಮ್ಮ ಮನೆಯ ನೀರಿನ ಪೈಪ್ ಇದೆಯಲ್ಲ, ಅದೇ ವಸ್ತು. ಅದರ ಸ್ವಭಾವವೇ ಗಟ್ಟಿ. ಎಣ್ಣೆಯಂಥ ಒಂದು ದ್ರವ ಬೆರೆಸಿ ಅದನ್ನು ಮೆತ್ತಗೆ ಮಾಡುತ್ತಾರೆ. ಅದಕ್ಕೆ ಪ್ಲಾಸ್ಟಿಸೈಜರ್ ಅಂತ ಹೆಸರು. ಬಿಸಿ ಜಾಸ್ತಿಯಾದರೆ ಆ ದ್ರವ ನಿಧಾನಕ್ಕೆ ಮೇಲಕ್ಕೆ ಒಸರುತ್ತದೆ. ಕೈಗೆ ಅಂಟುವುದು ಅದೇ. ಒಸರಿ ಒಸರಿ ಒಳಗಿನದು ಖಾಲಿಯಾಗುತ್ತಾ ಬಂದರೆ ಮೈ ಸೆಟೆದುಕೊಳ್ಳುತ್ತದೆ, ಆಮೇಲೆ ಬಿರಿಯುತ್ತದೆ. ಬಿಸಿಲಲ್ಲಿ ನಿಂತ ಹಳೇ ಸ್ಕೂಟರ್‌ನ ರೆಗ್ಜಿನ್ ಸೀಟು ಮೊದಲು ಜಿಗುಟಾಗಿ, ಆಮೇಲೆ ಚೂರು ಚೂರಾಗಿ ಸೀಳುವುದನ್ನು ನೋಡಿದ್ದೀರಲ್ವಾ? ಅದೇ ಕಥೆ. ನಿಮ್ಮ ದೋಣಿ ಈಗ ಜಿಗುಟಿನ ಹಂತದಲ್ಲಿದೆ. ಇಲ್ಲೇ ನಿಲ್ಲಿಸಬೇಕು.

ಹಾಗಾಗಿ ಮೊದಲ ಕೆಲಸ ತೊಳೆಯುವುದು. ಬಕೆಟ್ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಸಾಕು. ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಎರಡು ಸಲ ಶುದ್ಧ ನೀರು ಹಾಕಿ. ಜಿಗುಟು ಒಂದೇ ಸಲಕ್ಕೆ ಹೋಗದಿದ್ದರೆ ಮಾರನೇ ದಿನ ಮತ್ತೊಮ್ಮೆ ತೊಳೆಯಿರಿ. ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್, ಬ್ಲೀಚಿಂಗ್ ಪೌಡರ್ ಇವ್ಯಾವುದೂ ಬೇಡ. ಅಂಟು ಬೇಗ ಹೋಗುತ್ತೆ ಅಂತ ಥಿನ್ನರ್‌ನಲ್ಲಿ ಒರೆಸಿದವರಿದ್ದಾರೆ. ಅಂಟಿನ ಜೊತೆಗೆ ದೋಣಿಯ ಮೆದುತನವೂ ಹೋಗುತ್ತದೆ. ಕಾರಿನ ಡ್ಯಾಶ್‌ಬೋರ್ಡಿಗೆ, ಟೈರಿಗೆ ಹಚ್ಚುವ ಸಿಲಿಕೋನ್ ಪಾಲಿಶ್ ಕೂಡ ಬೇಡ. ಒಮ್ಮೆ ಅದು ಮೈಗೆ ಹತ್ತಿದರೆ ಮುಂದೆ ಯಾವ ಪ್ಯಾಚೂ ಅಲ್ಲಿ ಕೂರುವುದಿಲ್ಲ. ಇನ್ನೊಂದು ಗುಪ್ತ ಶತ್ರು ಸೊಳ್ಳೆ ಕ್ರೀಮು. ಡೀಟ್ ಇರುವ ಕ್ರೀಮು ಹಚ್ಚಿದ ಕಾಲನ್ನು ಪಿವಿಸಿಗೆ ತಾಗಿಸಿ ಗಂಟೆಗಟ್ಟಲೆ ಕೂತರೆ ಆ ಜಾಗ ಮೆತ್ತಗಾಗಿ ಕೆಡುತ್ತದೆ. ಹಚ್ಚಲೇಬೇಕಾದರೆ ಕೂರುವ ಕಡೆ ಒಂದು ಟವೆಲ್ ಹಾಸಿಕೊಳ್ಳಿ.

ತೊಳೆದ ಮೇಲೆ ಗಾಳಿ ತುಂಬಿಯೇ ನೆರಳಲ್ಲಿ ಒಣಗಿಸಿ. ಮುಗ್ಗಲು ವಾಸನೆಗೆ ಕಾರಣ ಹೊರಮೈಯಲ್ಲಿ ಸಿಗುವುದಿಲ್ಲ. ದೋಣಿಯ ತಳ ಉದ್ದುದ್ದ ಕೊಳವೆಗಳ ಸಾಲು. ಎರಡು ಕೊಳವೆ ಕೂಡುವ ಸಂದಿಯಲ್ಲಿ, ಸೀಟಿನ ಅಡಿಯಲ್ಲಿ, ಮೂತಿಯ ಮೂಲೆಯಲ್ಲಿ ನೀರು ಅಡಗಿರುತ್ತದೆ. ಹಳೇ ಕಾಟನ್ ಪಂಚೆ ತುದಿಯನ್ನು ಬೆರಳಿಗೆ ಸುತ್ತಿ ಆ ಸಂದಿಯಲ್ಲಿ ಎಳೆಯಿರಿ. ಬಟ್ಟೆ ಒಣಗಿ ಹೊರಬರುವ ತನಕ ಬಿಡಬೇಡಿ. ಆಮೇಲೆ ಒಂದು ರಾತ್ರಿ ಫ್ಯಾನ್ ಕೆಳಗೆ ಬಿಡಿ.

ಈಗ ಗಾಳಿ ಸೋರುವ ವಿಷಯ. ಮೊದಲು ಒಂದು ಅನುಮಾನ ನಿವಾರಿಸಿಕೊಳ್ಳಿ: ನಿಜವಾಗಿ ಸೋರುತ್ತಿದೆಯಾ? ಬಿಸಿಲಲ್ಲಿ ಬಿಗಿಯಾಗಿ ಗಾಳಿ ಹೊಡೆದು ತಣ್ಣನೆ ನೀರಿಗೆ ಇಳಿಸಿದರೆ ಹತ್ತೇ ನಿಮಿಷದಲ್ಲಿ ದೋಣಿ ಸೊರಗಿದ ಹಾಗೆ ಕಾಣುತ್ತದೆ. ಒಳಗಿನ ಗಾಳಿ ತಣ್ಣಗಾಗಿ ಕುಗ್ಗಿರುತ್ತದೆ ಅಷ್ಟೇ, ತೂತು ಇರುವುದಿಲ್ಲ. ಸಂಜೆ ಮನೆಯೊಳಗೆ ಗಾಳಿ ತುಂಬಿ, ಬೆಳಿಗ್ಗೆ ಮುಟ್ಟಿ ನೋಡಿ. ಬಲಬದಿ, ಎಡಬದಿ, ತಳ, ಮೂರೂ ಬೇರೆ ಬೇರೆ ಗಾಳಿ ಕೋಣೆಗಳು. ಯಾವುದು ಮೆತ್ತಗಾಗಿದೆ ಅಂತ ಬರೆದಿಟ್ಟುಕೊಳ್ಳಿ. ಎಲ್ಲ ಕಡೆ ಹುಡುಕುವ ಶ್ರಮ ತಪ್ಪುತ್ತದೆ.

ಹುಡುಕುವಾಗ ವಾಲ್ವ್‌ನಿಂದ ಶುರು ಮಾಡಿ. ಗಿಡಕ್ಕೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿಗೆ ಸೋಪಿನ ನೀರು ತುಂಬಿ ವಾಲ್ವ್ ಸುತ್ತ ಹೊಡೆಯಿರಿ. ಒಂದು ನಿಮಿಷ ಸುಮ್ನೆ ನೋಡುತ್ತಾ ನಿಲ್ಲಿ. ಸಣ್ಣ ಸೋರಿಕೆಯಾದರೆ ದೊಡ್ಡ ಗುಳ್ಳೆ ಬರುವುದಿಲ್ಲ. ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಂದರ ಪಕ್ಕ ಒಂದು ಹುಟ್ಟಿ, ಬಿಳಿ ನೊರೆಯ ಹಾಗೆ ನಿಧಾನಕ್ಕೆ ದಪ್ಪವಾಗುತ್ತವೆ. ಆತುರ ಮಾಡಿದರೆ ಕಣ್ಣಿಗೆ ಬೀಳುವುದೇ ಇಲ್ಲ. ಬಹಳ ಸಲ ತಪ್ಪು ವಾಲ್ವ್‌ನದೇ. ಒಳಗಿನ ರಬ್ಬರ್ ನಾಲಗೆಯ ಮೇಲೆ ಒಂದೇ ಒಂದು ಮರಳಿನ ಕಣ ಕೂತಿದ್ದರೂ ಅದು ಪೂರ್ತಿ ಮುಚ್ಚುವುದಿಲ್ಲ. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಒದ್ದೆ ಮಾಡಿ ಆ ನಾಲಗೆ, ಅದು ಕೂರುವ ಅಂಚು ಎರಡನ್ನೂ ಒರೆಸಿ. ಮುಚ್ಚಳದ ರಬ್ಬರ್ ರಿಂಗ್ ಜಾಗ ಬಿಟ್ಟಿದೆಯಾ ನೋಡಿ. ಒಂದು ಗಂಟೆಯಲ್ಲಿ ಮೆತ್ತಗಾಗುವ ದೋಣಿ ಇಷ್ಟರಲ್ಲೇ ಸರಿ ಹೋದದ್ದನ್ನು ನಾನು ಹಲವು ಸಲ ನೋಡಿದ್ದೇನೆ.

ವಾಲ್ವ್ ಸರಿಯಿದ್ದರೆ ಮೆತ್ತಗಾದ ಆ ಒಂದು ಕೋಣೆಯ ಮೇಲೆ ಅಂಗೈ ಅಗಲ ಅಂಗೈ ಅಗಲ ಸೋಪಿನ ನೀರು ಹಾಕುತ್ತಾ ಹೋಗಿ. ಮಡಿಕೆಯ ಗೆರೆಗಳು, ದಡಕ್ಕೆ ಉಜ್ಜುವ ತಳದ ಅಂಚು, ಬೆಸುಗೆಯ ಸಾಲು, ಇವನ್ನು ಎರಡು ಸಲ ನೋಡಿ. ಗುಳ್ಳೆ ಬಂದ ಕಡೆ ಮಾರ್ಕರ್ ಪೆನ್ನಿನಲ್ಲಿ ಸುತ್ತು ಹಾಕಿ. ಒಣಗಿದ ಮೇಲೆ ಆ ತೂತು ಕಣ್ಣಿಗೆ ಕಾಣುವುದಿಲ್ಲ. ಒಂದು ತೂತು ಸಿಕ್ಕಿತು ಅಂತ ನಿಲ್ಲಿಸಬೇಡಿ. ಜಾಲಿ ಮುಳ್ಳಿನ ಮೇಲೆ ಎಳೆದ ದೋಣಿಯಲ್ಲಿ ಒಂದರ ಹತ್ತಿರ ಇನ್ನೊಂದು ಇದ್ದೇ ಇರುತ್ತದೆ.

ಸೈಕಲ್ ಪ್ಯಾಚ್ ಕಿತ್ತು ಬಂದದ್ದು ನಿಮ್ಮ ಕೈತಪ್ಪಲ್ಲ. ಆ ಸೊಲ್ಯೂಷನ್ ರಬ್ಬರ್ ಟ್ಯೂಬಿಗೆ ಮಾಡಿದ್ದು, ಪಿವಿಸಿಯನ್ನು ಅದು ಹಿಡಿಯುವುದೇ ಇಲ್ಲ. ಫೆವಿಕ್ವಿಕ್ ಹಾಕಿದರೆ ಹಿಡಿಯುತ್ತದೆ, ಆದರೆ ಗಾಜಿನ ಹಾಗೆ ಗಟ್ಟಿಯಾಗುತ್ತದೆ. ದೋಣಿ ಮಡಿಚಿದ ಕೂಡಲೇ ಬಿರಿದು, ಮೊದಲಿಗಿಂತ ದೊಡ್ಡ ಸೀಳು ಬಿಡುತ್ತದೆ. ನೀರಿನ ಪೈಪ್ ಅಂಟಿಸುವ ಸಾಲ್ವೆಂಟ್ ಸಿಮೆಂಟ್ ಇದೆಯಲ್ಲ, ಅದೂ ಪಿವಿಸಿಯದೇ ಅಂತ ಹಾಕುವವರಿದ್ದಾರೆ. ಅದು ಗಟ್ಟಿ ಪೈಪಿಗೆ, ಮಡಿಚುವ ಹಾಳೆಗೆ ಅಲ್ಲ. ಗಾಳಿ ದೋಣಿಯ ಪಿವಿಸಿಗೆಂದೇ ಬರುವ ಅಂಟು ತರಿಸಿಕೊಳ್ಳಿ. ಒಂದು ಡಬ್ಬಿ ಅಂಟು, ಜೊತೆಗೊಂದು ಸಣ್ಣ ಸೀಸೆ ಹಾರ್ಡ್‌ನರ್, ಎರಡನ್ನೂ ಬೆರೆಸಿ ಹಚ್ಚುವ ಬಗೆ ಸಿಕ್ಕರೆ ಅದೇ ಒಳ್ಳೆಯದು. ಪ್ಯಾಚಿನ ತುಂಡು ದೋಣಿ ಜೊತೆ ಬಂದದ್ದೇ ಇರಲಿ. ಹೈಪಲಾನ್ ಎಂಬ ರಬ್ಬರ್ ಬಟ್ಟೆಯ ದೋಣಿಗಳೂ ಇವೆ, ಅವಕ್ಕೆ ಬೇರೆಯೇ ಅಂಟು. ನಿಮ್ಮದು ಪಿವಿಸಿ, ಆ ಗೊಂದಲ ಬೇಡ.

ಪ್ಯಾಚ್ ಹಾಕುವ ಕೆಲಸವನ್ನು ಮಳೆ ಬರುವ ದಿನ ಇಟ್ಟುಕೊಳ್ಳಬೇಡಿ. ಗಾಳಿಯಲ್ಲಿ ತೇವ ಜಾಸ್ತಿಯಿದ್ದರೆ ಅಂಟಿನ ಮೇಲೆ ಕಣ್ಣಿಗೆ ಕಾಣದ ಹಾಗೆ ನೀರು ಕೂರುತ್ತದೆ, ಹಿಡಿತ ಬರುವುದಿಲ್ಲ. ಆಷಾಢದಲ್ಲಿ ಹಾಕಿದ ಪ್ಯಾಚ್ ದಸರಾ ಹೊತ್ತಿಗೆ ಏಳುತ್ತದೆ. ಒಣ ಹವೆಯ ದಿನ, ಬೆಳಿಗ್ಗೆ ಹತ್ತರ ಮೇಲೆ, ನೆರಳಲ್ಲಿ ಮಾಡಿ. ದೋಣಿಯ ಗಾಳಿ ಪೂರ್ತಿ ತೆಗೆದು ಆ ಜಾಗವನ್ನು ಹಲಗೆ ಮೇಲೆ ಚಪ್ಪಟೆಯಾಗಿ ಹರಡಿ. ತೂತಿನಿಂದ ಎಲ್ಲ ಕಡೆಗೂ ಎರಡು ಇಂಚು ಮೀರುವ ಹಾಗೆ ಪ್ಯಾಚ್ ಕತ್ತರಿಸಿ. ಮೂಲೆಗಳನ್ನು ಗುಂಡಗೆ ಮಾಡಿ. ಚೂಪು ಮೂಲೆ ಇದ್ದರೆ ಪ್ಯಾಚ್ ಏಳಲು ಶುರುವಾಗುವುದು ಅಲ್ಲಿಂದಲೇ. ಪ್ಯಾಚ್ ಇಟ್ಟು ಸುತ್ತ ಗೆರೆ ಎಳೆದುಕೊಳ್ಳಿ. ಆ ಗೆರೆಯೊಳಗೆ ಮಾತ್ರ ನಯವಾದ ಮರಳು ಕಾಗದದಲ್ಲಿ ಹೊಳಪು ಹೋಗುವಷ್ಟು ಉಜ್ಜಿ. ನೇಯ್ಗೆ ಕಾಣುವಷ್ಟು ಉಜ್ಜಬೇಡಿ. ಬಿಳಿ ಬಟ್ಟೆಗೆ ಒಂದಿಷ್ಟು ಅಸಿಟೋನ್ ಹಾಕಿ ಒಂದೇ ಒಂದು ಸಲ ಒರೆಸಿ. ಮೇಲೆ ಥಿನ್ನರ್ ಬೇಡ ಅಂದವನೇ ಈಗ ಅಸಿಟೋನ್ ಅನ್ನುತ್ತಿದ್ದೇನೆ. ಇದು ಪ್ಯಾಚ್ ಕೂರುವ ಜಾಗಕ್ಕೆ ಮಾತ್ರ, ಒಂದು ಕ್ಷಣಕ್ಕೆ ಮಾತ್ರ.

ಅಂಟನ್ನು ಎರಡೂ ಕಡೆ ತೆಳ್ಳಗೆ ಹಚ್ಚಿ, ಒಣಗಲು ಬಿಡಿ. ಮತ್ತೊಂದು ಪದರ ತೆಳ್ಳಗೆ ಹಚ್ಚಿ. ಈಗ ಬೆರಳಿನ ಗಿಣ್ಣಿನಿಂದ ಮುಟ್ಟಿ ನೋಡಿ. ಹಲಸಿನ ಮೇಣ ಒಣಗುತ್ತಾ ಬಂದಾಗ ಕೈಗೆ ಹತ್ತಿಯೂ ಹತ್ತದ ಹಾಗೆ ಜಗ್ಗುತ್ತದಲ್ಲ, ಆ ಹದ ಬಂದಾಗ ಪ್ಯಾಚ್ ಇಡಬೇಕು. ಒದ್ದೆ ಇರುವಾಗಲೇ ಇಟ್ಟರೆ ಒಳಗೆ ಗುಳ್ಳೆ ಕೂತುಬಿಡುತ್ತದೆ. ಮಧ್ಯದಿಂದ ಅಂಚಿನ ಕಡೆಗೆ ಒತ್ತುತ್ತಾ ಹೋಗಿ, ಸ್ಟೀಲ್ ಚಮಚದ ಬೆನ್ನಿನಿಂದ ಗಟ್ಟಿಯಾಗಿ ತಿಕ್ಕಿ. ಮೇಲೆ ಚಪ್ಪಟೆ ಹಲಗೆ, ಅದರ ಮೇಲೆ ಒಂದು ಭಾರ. ಪೂರ್ತಿ 24 ಗಂಟೆ ಗಾಳಿ ಹೊಡೆಯಬೇಡಿ. ಸಂಜೆಗೇ ಹೊಡೆದು ನೋಡೋಣ ಅನ್ನಿಸುತ್ತದೆ. ತಡೆದುಕೊಳ್ಳಿ.

ಸೋರಿಕೆ ಬೆಸುಗೆಯ ಸಾಲಿನಲ್ಲೇ ಇದ್ದರೆ ಮನೆಯ ಪ್ಯಾಚ್ ಹೆಚ್ಚು ದಿನ ನಿಲ್ಲುವುದಿಲ್ಲ. ಅಂಥ ದೋಣಿಯನ್ನು ಆಳದ ನೀರಿಗೆ ತೆಗೆದುಕೊಂಡು ಹೋಗದಿರುವುದೇ ಕ್ಷೇಮ.

ಬೆಸುಗೆ ಯಾಕೆ ಬಿಡುತ್ತದೆ ಅನ್ನುವುದನ್ನು ನನ್ನ ಮೊದಲ ದೋಣಿಯಲ್ಲೇ ಕಂಡೆ. ಮೇ ತಿಂಗಳು. ಬೆಳಿಗ್ಗೆ ಆರಕ್ಕೆ ಮನೆ ಮುಂದೆ ಬಿಗಿಯಾಗಿ ಗಾಳಿ ತುಂಬಿ, ಬಿಸಿಲು ಬೀಳುವ ಅಂಗಳದಲ್ಲಿ ಬಿಟ್ಟು ಬೇರೆ ಕೆಲಸಕ್ಕೆ ಹೋದೆ. ಹನ್ನೆರಡರ ಹೊತ್ತಿಗೆ ಒಳಗಿಂದ ಬಟ್ಟೆ ಹರಿದ ಹಾಗೆ ಪರ್ ಅಂತ ಸದ್ದು ಕೇಳಿತು. ಹೊರಗೆ ಬಂದು ನೋಡಿದರೆ ಗಾಳಿ ಹೋಗಿರಲಿಲ್ಲ. ತಳದ ಮಧ್ಯದಲ್ಲಿ ಹಲಸಿನ ಹಣ್ಣಿನಷ್ಟು ಉಬ್ಬು ಎದ್ದಿತ್ತು. ಎರಡು ಕೊಳವೆಗಳ ನಡುವಿನ ಒಳಗೋಡೆ ಹರಿದು ಎರಡೂ ಒಂದಾಗಿದ್ದವು. ಅದಕ್ಕೆ ರಿಪೇರಿ ಇಲ್ಲ.

ಆಗಿದ್ದು ಏನು ಅಂತ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಸಾದಾ ಪಿವಿಸಿ ಕಯಾಕ್‌ಗೆ ಬೇಕಾದ ಗಾಳಿ 1 ಪಿಎಸ್‌ಐ (ಒಂದು ಚದರ ಇಂಚಿನ ಮೇಲೆ ಎಷ್ಟು ಪೌಂಡ್ ಒತ್ತಡ ಅನ್ನುವ ಅಳತೆ) ಆಸುಪಾಸು. ಇದು ತೀರಾ ಕಡಿಮೆ. ಕಾರಿನ ಟೈರಿಗೆ 30ರ ಮೇಲೆ ಹೊಡೆಯುತ್ತೇವೆ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ, ಇಲ್ಲಿ ಹೊರಗಿನ ಗಾಳಿಯ ಒತ್ತಡವೇ ಸುಮಾರು 13.4 ಪಿಎಸ್‌ಐ. ಒಳಗೆ ಒಟ್ಟು 14.4. ಬೆಳಿಗ್ಗೆ 22 ಡಿಗ್ರಿ ಇದ್ದ ಗಾಳಿ ಬಿಸಿಲಿಗೆ 52 ಡಿಗ್ರಿ ಆಯಿತು ಅಂದುಕೊಳ್ಳಿ. ಒಟ್ಟು ಒತ್ತಡ ಹತ್ತು ಪರ್ಸೆಂಟ್ ಏರುತ್ತದೆ, ಹತ್ತಿರ ಹತ್ತಿರ 15.9. ಹೊರಗಿನ 13.4 ಕಳೆದರೆ ಬೆಸುಗೆಗಳ ಮೇಲೆ ಬೀಳುವುದು 2.5. ಹಾಳೆ ಸ್ವಲ್ಪ ಹಿಗ್ಗುವುದರಿಂದ ಪೂರ್ತಿ ಅಷ್ಟು ಆಗದಿದ್ದರೂ, ಬೆಳಿಗ್ಗೆಯ ಎರಡು ಪಟ್ಟಿನ ಹತ್ತಿರ ಹೋಗುತ್ತದೆ. ಬಿಸಿಲಿಗೆ ಮೊದಲೇ ಮೆತ್ತಗಾದ ಬೆಸುಗೆ ಅದನ್ನು ತಡೆಯುವುದಿಲ್ಲ.

ಹಾಗಾಗಿ ದಡದಲ್ಲಿ ಸ್ವಲ್ಪ ಸಡಿಲವಾಗಿಯೇ ತುಂಬಿ, ನೀರಿಗೆ ಇಳಿಸಿ, ಹತ್ತು ನಿಮಿಷ ಬಿಟ್ಟು ಉಳಿದ ಗಾಳಿ ಹೊಡೆಯಿರಿ. ಬುತ್ತಿ ತಿನ್ನಲು ದೋಣಿಯನ್ನು ದಡಕ್ಕೆ ಎಳೆದಾಗ ನೆರಳಿಗೆ ಸರಿಸಿ, ಇಲ್ಲವೇ ಪ್ರತಿ ವಾಲ್ವ್‌ನಿಂದ ಒಂದಿಷ್ಟು ಗಾಳಿ ಬಿಡಿ. ಟೈರಿಗೆ ಗಾಳಿ ಹೊಡೆಯುವ ಕಂಪ್ರೆಸರ್ ಹತ್ತಿರ ಹೋಗಲೇಬೇಡಿ. ದೋಣಿ ಜೊತೆ ಬಂದ ಕೈ ಪಂಪು ಸಾಕು. ಕೆಲವು ದೋಣಿಗಳಲ್ಲಿ ವಾಲ್ವ್ ಪಕ್ಕ ಸಣ್ಣ ಸ್ಕೇಲ್ ಅಚ್ಚಾಗಿರುತ್ತದೆ, ಜೊತೆಗೊಂದು ಬಿಡಿ ಸ್ಕೇಲ್ ಕೊಟ್ಟಿರುತ್ತಾರೆ. ಗಾಳಿ ತುಂಬಿ ಹಾಳೆ ಹಿಗ್ಗಿದಾಗ ಎರಡೂ ಸರಿಹೊಂದಬೇಕು. ನಿಮ್ಮದರಲ್ಲಿ ಇದ್ದರೆ ಅದನ್ನೇ ನಂಬಿ, ಹೆಬ್ಬೆರಳ ಅಂದಾಜನ್ನಲ್ಲ.

ಇಡುವ ಜಾಗ ಇವತ್ತೇ ಬದಲಿಸಿ. ಮನೆಯೊಳಗಿನ ಅಟ್ಟ, ಮಂಚದ ಅಡಿ, ಬಟ್ಟೆ ಬೀರುವಿನ ಮೇಲೆ, ಎಲ್ಲಿ ನಿಮಗೆ ಬೇಸಿಗೆಯಲ್ಲಿ ಮಲಗಲು ಹಿತವೋ ಅಲ್ಲಿ ದೋಣಿಗೂ ಹಿತ. ಕಾರಿನ ಡಿಕ್ಕಿ ಬೇಡ. ಪೂರ್ತಿ ಒಣಗಿದ ಮೇಲೆ ಟಾಲ್ಕಂ ಪೌಡರ್ ತೆಳ್ಳಗೆ ಉದುರಿಸಿ, ಚಾಪೆ ಸುತ್ತಿದ ಹಾಗೆ ಸಡಿಲವಾಗಿ ಸುತ್ತಿ. ಪ್ರತಿ ಸಲ ಅದೇ ಗೆರೆಗೆ ಮಡಿಚಬೇಡಿ. ಮೇಲೆ ಭಾರ ಹೇರಬೇಡಿ. ಮೂರು ತಿಂಗಳಿಗೊಮ್ಮೆ ತೆಗೆದು, ಅರ್ಧ ಗಾಳಿ ತುಂಬಿ, ಒಂದು ದಿನ ಉಸಿರಾಡಲು ಬಿಡಿ. ಇಲಿಯ ಬಗ್ಗೆಯೂ ಎಚ್ಚರ ಬೇಕು. ಶ್ರೀರಂಗಪಟ್ಟಣದ ಕಡೆಯ ಒಬ್ಬರ ದೋಣಿಯನ್ನು ಬಿಡಿಸಿದಾಗ ಸೀಟಿನ ಸಂದಿಯಲ್ಲಿ ಕಡಲೆಕಾಯಿ ಸಿಪ್ಪೆ ಉಳಿದಿತ್ತು. ಆ ವಾಸನೆಗೆ ಇಲಿ ಬಂದಿತ್ತು. ಸುತ್ತಿಟ್ಟಿದ್ದರಿಂದ ಒಂದು ಕಡೆ ಕಡಿದ ತೂತು ಪದರ ಪದರಕ್ಕೂ ಇಳಿದು, ಬಿಡಿಸಿದಾಗ ಹದಿನಾಲ್ಕು ಆಗಿತ್ತು. ಮುಚ್ಚಳ ಇರುವ ದೊಡ್ಡ ಪ್ಲಾಸ್ಟಿಕ್ ಡ್ರಮ್ ಸಿಕ್ಕರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ನಮ್ಮ ಚಿಕ್ಕಪ್ಪ ಕಾವೇರಿಯಲ್ಲಿ ತೆಪ್ಪ ಹಾಕುತ್ತಿದ್ದರು. ಬಿದಿರಿನ ಬುಟ್ಟಿ, ಹೊರಗೆ ಗಟ್ಟಿ ಹಾಳೆ, ಅದರ ಮೇಲೆ ಡಾಂಬರು. ದಿನದ ಕೆಲಸ ಮುಗಿದ ಮೇಲೆ ಎಷ್ಟೇ ಸುಸ್ತಾಗಿರಲಿ, ತೆಪ್ಪವನ್ನು ತಲೆ ಮೇಲೆ ಹೊತ್ತು ತಂದು ಮರದ ನೆರಳಲ್ಲಿ ಬೋರಲು ಹಾಕಿಯೇ ಊಟಕ್ಕೆ ಕೂರುತ್ತಿದ್ದರು. ಹೆಬ್ಬೆರಳ ಉಗುರಿನಿಂದ ಡಾಂಬರನ್ನು ಅಲ್ಲಲ್ಲಿ ಒತ್ತಿ ನೋಡುವುದು ಅವರ ಅಭ್ಯಾಸ. ಉಗುರಿನ ಗುರುತು ಮೂಡಿದರೆ ಸರಿ, ಚಕ್ಕೆ ಎದ್ದರೆ ಅಂದೇ ತೇಪೆ. ನಾನು ಪಿವಿಸಿ ದೋಣಿಗೆ ಮಾಡುವುದೂ ಅದನ್ನೇ. ತಳವನ್ನು ಪ್ರತಿ ಸಲ ಕೈಯಿಂದ ಸವರಿ ನೋಡುತ್ತೇನೆ.

ಇನ್ನು ಹುಟ್ಟು. ತೆಪ್ಪದ ಹುಟ್ಟಿಗೆ ಒಂದೇ ಬ್ಲೇಡ್. ತೆಪ್ಪ ಗುಂಡಗಿರುವುದರಿಂದ ಮುಂದೆ ನಿಂತು ನೀರನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು. ನಿಮ್ಮದು ಉದ್ದನೆ ದೋಣಿ, ಕೂತು ಎರಡೂ ಬದಿಗೆ ಹಾಕುವುದು, ಹಾಗಾಗಿ ಎರಡೂ ತುದಿಗೆ ಬ್ಲೇಡ್ ಇರುವ ಹುಟ್ಟೇ ಬೇಕು. ಅದನ್ನು ಆರಿಸುವಾಗ ಜನ ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಬೆಲೆ. ನೀವು ಮೊದಲು ಉದ್ದ ನೋಡಿ, ಆಮೇಲೆ ತೂಕ. ಬೇರೆ ಎಲ್ಲವೂ ಇವೆರಡರ ಹಿಂದೆ.

ಉದ್ದವನ್ನು ನಿಮ್ಮ ಎತ್ತರಕ್ಕಿಂತ ದೋಣಿಯ ಅಗಲ ಜಾಸ್ತಿ ತೀರ್ಮಾನ ಮಾಡುತ್ತದೆ. ಗಟ್ಟಿ ಪ್ಲಾಸ್ಟಿಕ್ ಕಯಾಕ್ 60 ಸೆಂಟಿಮೀಟರ್ ಅಗಲ ಇದ್ದರೆ 210, 220 ಸೆಂಟಿಮೀಟರಿನ ಹುಟ್ಟು ಸಾಕು. 70ರಿಂದ 80 ಅಗಲದ ದೋಣಿಗೆ 230, 240. ನಿಮ್ಮದು 90. ದೋಣಿಗಳ ಜೊತೆ ಬರುವ ಹುಟ್ಟು ಸಾಮಾನ್ಯವಾಗಿ ಏಳು ಅಡಿ ಆಸುಪಾಸು, ಅಂದರೆ 215ರ ಹತ್ತಿರ. ನಿಮ್ಮ ಭುಜ ನೋವಿಗೂ ತೊಡೆ ಮೇಲಿನ ನೀರಿಗೂ ಕಾರಣ ಇಲ್ಲಿದೆ. ಹುಟ್ಟು ಗಿಡ್ಡವಾದ್ದರಿಂದ ಉಬ್ಬಿದ ಬದಿಯನ್ನು ದಾಟಿಸಲು ಪ್ರತಿ ಸಲ ಮೇಲಿನ ಕೈಯನ್ನು ಭುಜಕ್ಕಿಂತ ಎತ್ತರಕ್ಕೆ ಎತ್ತುತ್ತಿದ್ದೀರಿ. ಕೋಲು ನೆಟ್ಟಗೆ ನಿಂತಾಗ ಬ್ಲೇಡಿನ ನೀರು ಕೋಲಿನ ಮೇಲೆ ಹರಿದು ಸೀದಾ ನಿಮ್ಮ ತೊಡೆಗೆ. ಕೋಲಿನ ಮೇಲೆ ನೀರು ತಡೆಯುವ ರಬ್ಬರ್ ಬಳೆಗಳಿವೆಯಲ್ಲ, ಅವು ಬ್ಲೇಡಿನಿಂದ ಒಂದು ಗೇಣಿನೊಳಗೆ ಇರಬೇಕು, ಆದರೆ ಹುಟ್ಟು ಹಾಕುವಾಗ ನೀರಲ್ಲಿ ಮುಳುಗಬಾರದು. ಮುಳುಗಿದರೆ ಅವು ಇದ್ದೂ ಇಲ್ಲದ ಹಾಗೆ.

ನಿಮಗೆ 240 ತೆಗೆದುಕೊಳ್ಳಿ. ನಿಮ್ಮ ಮನೆಯವರಿಗೆ ಚಿಕ್ಕದು ಸಾಕು ಅಂತ 210 ಕೊಡಿಸಬೇಡಿ. ಎತ್ತರ ಕಡಿಮೆ ಇರುವವರು ಇಷ್ಟು ಅಗಲದ ದೋಣಿಯಲ್ಲಿ ಕೂತರೆ ಪಕ್ಕದ ನೀರು ಅವರಿಗೆ ಇನ್ನೂ ದೂರ. ಅವರಿಗೆ 230 ಬೇಕು, ಆದರೆ ಬ್ಲೇಡ್ ಸಣ್ಣದಿರಲಿ, ಕೋಲು ತೆಳ್ಳಗಿರಲಿ. ಕೋಲನ್ನು ಹಿಡಿದಾಗ ಹೆಬ್ಬೆರಳೂ ತೋರುಬೆರಳೂ ಆರಾಮಾಗಿ ಕೂಡಬೇಕು. ಕೂಡದಿದ್ದರೆ ಬಿಗಿಯಾಗಿ ಹಿಡಿಯಬೇಕಾಗುತ್ತದೆ, ಸಂಜೆಗೆ ಮುಂಗೈ ಹಿಡಿದುಕೊಳ್ಳುತ್ತದೆ. ಸೀಟಿನ ಅಡಿಗೆ ದಪ್ಪನೆ ಫೋಮ್ ಇಟ್ಟು ಎರಡು ಇಂಚು ಎತ್ತರಿಸಿದರೆ ಅವರಿಗೆ ಬಹಳ ಅನುಕೂಲ. ಅದಕ್ಕಿಂತ ಎತ್ತರಿಸಬೇಡಿ, ದೋಣಿ ವಾಲುತ್ತದೆ.

ದುಡ್ಡು ಹಾಕುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಮುಕ್ಕಾಲು ಇಂಚಿನ ಪಿವಿಸಿ ಪೈಪನ್ನು 240 ಸೆಂಟಿಮೀಟರಿಗೆ ಕತ್ತರಿಸಿ, ಎರಡೂ ತುದಿಯಲ್ಲಿ ಒಂದೂವರೆ ಅಡಿ ಉದ್ದದ ರಟ್ಟನ್ನು ಒಳಮುಖವಾಗಿ ಕಟ್ಟಿ. ದೋಣಿಗೆ ಗಾಳಿ ತುಂಬಿ ಹಾಲ್‌ನಲ್ಲಿಟ್ಟು ಇಬ್ಬರೂ ಕೂತು ಹುಟ್ಟು ಹಾಕಿ ನೋಡಿ. ಪೈಪನ್ನು ತಲೆ ಮೇಲಿಟ್ಟು, ಎರಡೂ ಮೊಣಕೈ ಚೌಕಾಕಾರ ಬರುವ ಹಾಗೆ ಹಿಡಿದರೆ ಅದೇ ಕೈಯ ಜಾಗ. ಈಗ ರಟ್ಟು ಪಕ್ಕದ ನೆಲವನ್ನು ಮುಟ್ಟುವಾಗ ಬೆರಳ ಗಿಣ್ಣು ದೋಣಿಗೆ ತಾಗುತ್ತದಾ? ಮೇಲಿನ ಕೈ ಗಲ್ಲಕ್ಕಿಂತ ಮೇಲೆ ಹೋಗುತ್ತದಾ? ಎರಡೂ ಇಲ್ಲದಿದ್ದರೆ ಆ ಉದ್ದ ನಿಮಗೆ ಸರಿ. ಆಗಿದ್ದರೆ ಇನ್ನೊಂದು ಪೈಪ್ ತುಂಡಿನಲ್ಲಿ ಹತ್ತು ಸೆಂಟಿಮೀಟರ್ ಉದ್ದ ಮಾಡಿ ನೋಡಿ.

ತೂಕದ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ: ಸೀಟು, ಬ್ಯಾಗು, ಮೊಬೈಲ್ ಕವರು ಎಲ್ಲದರಲ್ಲೂ ಉಳಿಸಿ, ಹುಟ್ಟಿನ ತೂಕಕ್ಕೆ ಖರ್ಚು ಮಾಡಿ. ಅಲ್ಯೂಮಿನಿಯಂ ಹುಟ್ಟು ಒಂದು ಕಿಲೋ ಮೀರುತ್ತದೆ. ಫೈಬರ್‌ಗ್ಲಾಸ್ ಕೋಲಿನದು 900 ಗ್ರಾಂ ಆಸುಪಾಸು. ಕಾರ್ಬನ್ ಇನ್ನೂ ಹಗುರ, ಬೆಲೆ ಮಾತ್ರ ಭಾರ. ನಿಮಿಷಕ್ಕೆ 30 ಸಲ ಹುಟ್ಟು ಹಾಕಿದರೆ ಗಂಟೆಗೆ 1800 ಸಲ ಅದನ್ನು ಎತ್ತುತ್ತೀರಿ. ಒಂದೊಂದು ಸಲಕ್ಕೆ 250 ಗ್ರಾಂ ಕಡಿಮೆಯಾದರೂ ಗಂಟೆಗೆ 450 ಕಿಲೋ ಎತ್ತುವ ಶ್ರಮ ಉಳಿಯುತ್ತದೆ. ನಿಮ್ಮ ಬಳಕೆಗೆ ಫೈಬರ್‌ಗ್ಲಾಸ್ ಕೋಲು, ಗಟ್ಟಿ ಪ್ಲಾಸ್ಟಿಕ್ ಬ್ಲೇಡ್ ಸಾಕು. ಕೈಗೆ ಬಿಸಿ ತಣ್ಣಗೆ ಎರಡೂ ತಟ್ಟುವುದಿಲ್ಲ ಅನ್ನುವುದು ಇನ್ನೊಂದು ಲಾಭ. ಅಗಲ ಬ್ಲೇಡ್ ತೆಗೆದುಕೊಂಡರೆ ಬೇಗ ಹೋಗಬಹುದು ಅನ್ನುವುದು ಅರ್ಧ ಗಂಟೆ ಮಾತ್ರ ನಿಜ, ಆಮೇಲೆ ಭುಜ ಮಾತಾಡುತ್ತದೆ.

ಬ್ಲೇಡ್‌ಗಳನ್ನು ಒಂದಕ್ಕೊಂದು ಓರೆಯಾಗಿ ತಿರುಗಿಸಿಡುವ ಗುಂಡಿ ಇರುತ್ತದೆ. ಅದು ಎದುರುಗಾಳಿಗೆ. ಸದ್ಯಕ್ಕೆ ಎರಡನ್ನೂ ಒಂದೇ ಸಮ ಇಟ್ಟುಕೊಳ್ಳಿ. ಹುಟ್ಟನ್ನು ಮುಷ್ಟಿ ಬಿಗಿದು ಹಿಡಿಯಬೇಡಿ, ರೊಟ್ಟಿ ತಟ್ಟುವ ಕೈಯಷ್ಟು ಸಡಿಲ ಇರಲಿ. ತೋಳಿನಿಂದ ಎಳೆಯದೆ ಸೊಂಟದ ಮೇಲಿನ ಮೈ ತಿರುಗಿಸಿ. ನೀವು ಹಿಂದೆ ಕೂತು ದಿಕ್ಕು ನೋಡಿಕೊಳ್ಳಿ, ನಿಮ್ಮ ಮನೆಯವರು ಮುಂದೆ ಕೂತು ತಾಳ ಹಾಕಲಿ. ನೀವು ಅವರ ಲಯಕ್ಕೆ ಹೊಂದಿಕೊಳ್ಳಬೇಕು, ಅವರು ನಿಮ್ಮದಕ್ಕಲ್ಲ. ಇಲ್ಲದಿದ್ದರೆ ಹುಟ್ಟಿಗೆ ಹುಟ್ಟು ಬಡಿಯುತ್ತಲೇ ಇರುತ್ತದೆ.

ಪ್ರತಿ ಸಲ ಮನೆಗೆ ಬಂದ ಮೇಲೆ ಹುಟ್ಟಿನ ಜೋಡಣೆ ಬಿಚ್ಚಿ ತೊಳೆದಿಡಿ. ಒಳಗೆ ಮರಳು ಕೂತು ಒಣಗಿದರೆ ಕೋಲಿನ ಎರಡು ತುಂಡು ಬೇರೆಯಾಗುವುದೇ ಇಲ್ಲ. ಎಣ್ಣೆ ಹಾಕಬೇಡಿ, ಎಣ್ಣೆಗೆ ಮರಳು ಇನ್ನೂ ಹತ್ತುತ್ತದೆ. ಹಳೇ ಅಲ್ಯೂಮಿನಿಯಂ ಹುಟ್ಟನ್ನು ಎಸೆಯಬೇಡಿ, ದೋಣಿಯೊಳಗೆ ಕಟ್ಟಿಟ್ಟುಕೊಳ್ಳಿ. ನೀರಿನ ಮಧ್ಯೆ ಒಂದು ಹುಟ್ಟು ಮುರಿದರೆ ಅದೇ ಗತಿ.

ಎಲ್ಲಿ ಇಳಿಸಬೇಕು ಅನ್ನುವುದಕ್ಕೆ ಮೊದಲು ಎಲ್ಲಿ ಇಳಿಸಬಾರದು ಅನ್ನುವುದು ಮುಖ್ಯ. ರಂಗನತಿಟ್ಟು ಪಕ್ಷಿಧಾಮ, ಅಲ್ಲಿ ನಮ್ಮ ದೋಣಿಗೆ ಜಾಗವಿಲ್ಲ. ಆ ಸುತ್ತಿನ ಕಾವೇರಿಯಲ್ಲಿ ಮೊಸಳೆಗಳೂ ಇವೆ. ವಿಶ್ವೇಶ್ವರಯ್ಯ ನಾಲೆ ನೋಡಲು ಶಾಂತ, ಆದರೆ ಸೆಳೆತ ಜೋರು. ಬದಿಯ ಕಾಂಕ್ರೀಟು ಪಾಚಿಗಟ್ಟಿ ಜಾರುತ್ತದೆ, ಬಿದ್ದವರಿಗೆ ಹಿಡಿದು ಹತ್ತಲು ಏನೂ ಸಿಗುವುದಿಲ್ಲ. ಯಾವ ನಾಲೆಗೂ ದೋಣಿ ಇಳಿಸಬೇಡಿ. ಮುತ್ತತ್ತಿಯ ಸುಳಿಗಳು ಎಷ್ಟೋ ಜನರನ್ನು ಬಲಿ ತೆಗೆದುಕೊಂಡಿವೆ. ಬಲಮುರಿ, ಶ್ರೀರಂಗಪಟ್ಟಣದ ಸಂಗಮ ಎಲ್ಲವೂ ಕೆಆರ್‌ಎಸ್ ಕೆಳಗಿನ ಜಾಗಗಳು. ಅಣೆಕಟ್ಟೆಯ ನೀರು 124.80 ಅಡಿಯ ಹತ್ತಿರ ಬಂದ ಮೇಲೆ ಗೇಟು ಎತ್ತುತ್ತಾರೆ, ಮೊಣಕಾಲುದ್ದ ಇದ್ದ ನೀರು ನೋಡನೋಡುತ್ತಲೇ ಏರುತ್ತದೆ. ಮಳೆಗಾಲದಲ್ಲಿ ಹೊಳೆ ಬೇಡವೇ ಬೇಡ. ಕಬಿನಿ ಹಿನ್ನೀರಿನಲ್ಲಿ ನೀರೊಳಗೆ ಸತ್ತ ಮರಗಳ ಬೊಡ್ಡೆಗಳಿವೆ, ಗಾಳಿ ದೋಣಿಗೆ ಅದಕ್ಕಿಂತ ಅಪಾಯ ಇನ್ನೊಂದಿಲ್ಲ.

ನಿಮಗೆ ಬೇಕಾದ್ದು ಹರಿಯದ, ದಡ ಇಳಿಜಾರಾಗಿರುವ, ಸಣ್ಣ ಕೆರೆ. ಯಾವ ಕೆರೆಯಾದರೂ ಅದನ್ನು ನೋಡಿಕೊಳ್ಳುವ ಇಲಾಖೆ ಅಥವಾ ಪಂಚಾಯಿತಿಯ ಒಪ್ಪಿಗೆ ಕೇಳಿಯೇ ಇಳಿಯಿರಿ. ಮೀನಿನ ಗುತ್ತಿಗೆ ಹಿಡಿದವರನ್ನೂ ಮಾತಾಡಿಸಿ. ಬಲೆ ಎಲ್ಲಿದೆ, ಮುಳ್ಳು ಎಲ್ಲಿದೆ ಅಂತ ಅವರಷ್ಟು ಚೆನ್ನಾಗಿ ಯಾರೂ ಹೇಳುವುದಿಲ್ಲ. ದೋಣಿಯನ್ನು ಇಬ್ಬರೂ ಎತ್ತಿಕೊಂಡೇ ನೀರಿಗೆ ಇಡಿ, ಎಳೆಯಬೇಡಿ. ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುವ ಮೊದಲು ತೊಳೆಯಿರಿ, ಅಂತರಗಂಗೆಯ ಒಂದು ಚೂರು ಅಂಟಿಕೊಂಡು ಹೋದರೂ ಆ ಕೆರೆಗೆ ಪಿಡುಗು. ನೀವು ಎರಡು ಹುಟ್ಟಿನ ಬಗ್ಗೆ ಕೇಳಿದ್ದೀರಿ, ಲೈಫ್ ಜಾಕೆಟ್ ಬಗ್ಗೆ ಬರೆದಿಲ್ಲ. ಅದು ಇಲ್ಲದಿದ್ದರೆ ಹುಟ್ಟಿನ ಖರ್ಚು ಮುಂದಕ್ಕೆ ಹಾಕಿ, ಮೊದಲು ಎರಡು ಜಾಕೆಟ್ ತನ್ನಿ. ಈಜು ಬಂದರೂ ಹಾಕಿ, ಬಕಲ್ ಹಾಕಿಯೇ ಹಾಕಿ.

ಹೊತ್ತು ಬೆಳಿಗ್ಗೆ ಒಂಬತ್ತರೊಳಗೆ. ಗಾಳಿ ದೋಣಿ ನೀರಿನ ಮೇಲೆ ಹಗುರವಾಗಿ ಕೂರುತ್ತದೆ. ಮಧ್ಯಾಹ್ನದ ಗಾಳಿ ಎದ್ದರೆ ಹುಟ್ಟು ಎಷ್ಟೇ ಚೆನ್ನಾಗಿದ್ದರೂ ದೋಣಿ ಎಲೆಯ ಹಾಗೆ ತೇಲಿ ಹೋಗುತ್ತದೆ. ಹೊರಡುವಾಗ ಗಾಳಿಗೆ ಎದುರಾಗಿ ಹೋಗಿ, ಸುಸ್ತಾದ ಮೇಲೆ ಅದೇ ನಿಮ್ಮನ್ನು ದಡಕ್ಕೆ ತಳ್ಳುತ್ತದೆ. ಪ್ಯಾಚ್ ಹಾಕಿದ ಮೇಲೆ ಮೊದಲ ಸಲ ಎದೆಮಟ್ಟದ ನೀರಿನಲ್ಲೇ, ದಡದ ಉದ್ದಕ್ಕೆ ಅರ್ಧ ಗಂಟೆ ಓಡಾಡಿಸಿ. ಮೇಲೆ ಬಂದು ಮೂರೂ ಕೋಣೆಗಳನ್ನು ಒತ್ತಿ ನೋಡಿ. ಬೆರಳಿಗೆ ಮೊದಲಿನಷ್ಟೇ ಬಿಗಿ ಸಿಕ್ಕಿದರೆ ಮುಂದಿನ ಭಾನುವಾರ ಕೆರೆಯ ಒಳಗಡೆಗೆ ಹೋಗಬಹುದು.